ಕಲ್ಯಾಣದುರ್ಗದ ಮಿಲ್ಲಿನ ಪಾಲು

ಕಲ್ಯಾಣದುರ್ಗದಲ್ಲಿ ಸೋದರಮಾವ ನಡೆಸುತ್ತಿದ್ದ ಕಡಲೆಕಾಯಿ ಎಣ್ಣೆ ಮಿಲ್ಲಿನ ಕಂಪನಿಯಲ್ಲಿ ಅಪ್ಪನಿಗೆ ಕಾಲು ಪಾಲಿತ್ತು. ಹಿಂದೂಪುರದ ನಮ್ಮ ಮನೆಯಲ್ಲಿ ಎರಡು ಮಗ್ಗಗಳಿದ್ದವು. ಅಮ್ಮನ ಹೆಮ್ಮೆ ಮಾತ್ರ ತಮ್ಮನ ಮಿಲ್ಲಿನ ಮೇಲೆ.

ದೀಪಾವಳಿಗೆ ಬಂದಾಗ ಮಾವ ಆ ವರ್ಷದ ಲಾಭ ಹೇಳುತ್ತಿದ್ದರು. ಕೈಗೆ ಕಾಸು ಬಾರದಿದ್ದರೂ ಅಪ್ಪ ಲೆಕ್ಕದ ಪುಸ್ತಕದಲ್ಲಿ ಅದರ ಕಾಲುಭಾಗವನ್ನು ತನ್ನ ಪಾಲಿನ ಬೆಲೆಗೆ ಕೂಡಿಸುತ್ತಿದ್ದ. ಸಂಕ್ರಾಂತಿ ಕಳೆದು ಕಂಪನಿ ಲಾಭ ಹಂಚಿ ಡಿವಿಡೆಂಡ್ ಹಣ ಬಂದಾಗ ಅಷ್ಟನ್ನು ಆ ಬೆಲೆಯಿಂದ ಕಳೆಯುತ್ತಿದ್ದ. ಅದು ಹೊಸ ಆದಾಯವಲ್ಲ, ಆಗಲೇ ಎಣಿಸಿದ ಲಾಭವೇ ಮನೆಗೆ ಬಂದದ್ದು. ಅಮ್ಮ ಎರಡು ಸಲವೂ ಲಾಭವೆಂದೇ ಓಣಿಗೆಲ್ಲ ಸಕ್ಕರೆ ಹಂಚುತ್ತಿದ್ದಳು. ಅಪ್ಪ ತಿದ್ದಲಿಲ್ಲ. ಸುಮ್ಮನೆ ನಗುತ್ತಿದ್ದ ಎಂದು ನೆನಪು. ಆ ನಗು ನಾನೇ ಆಮೇಲೆ ಸೇರಿಸಿಕೊಂಡದ್ದೂ ಇರಬಹುದು.

ಅಪ್ಪ ತೀರಿಕೊಂಡ ಮೇಲೆ, ತೊಂಬತ್ತರ ಸುಮಾರಿಗೆ, ಆ ಪಾಲು ಮಾರಿ ತಂಗಿಯ ಮದುವೆ ಮಾಡಬೇಕೆಂದು ಅಮ್ಮ ಮಾವನನ್ನು ಕರೆಸಿದಳು. ಮಾವ ಹೇಳಿದ ಮೊತ್ತ ಅವಳ ಅಂದಾಜಿನ ಹತ್ತಿರಕ್ಕೂ ಬರಲಿಲ್ಲ.

"ವರ್ಸಾವರ್ಸ ಲಾಭ ಅಂತ ಕೊಟ್ಟು, ಈಗ ಪಾಲಿನಾಗೆ ಹಿಡ್ಕಂತೀಯೇನ್ಲಾ?"

"ಅಕ್ಕಾ, ಪಾಲು ಅಂದ್ರೆ ಬಾವಿ ಇದ್ದಂಗೆ ಕಣಮ್ಮ. ಸೆಲೆ ಬಂದ್ರೆ ಏರ್ತದೆ, ಸೇದಿದ್ರೆ ಇಳೀತದೆ."

"ನನ್ ಬಾವಿ ಇಳಿದ್ರೆ ನಿನ್ ಮನೆ ಮ್ಯಾಲೆ ಮಹಡಿ ಹೆಂಗ್ಲಾ ಎದ್ಬುಡ್ತು?"

ಮಾವ ಕಾಫಿ ಲೋಟ ಕೆಳಗಿಟ್ಟು ಎದ್ದರು.

ಎಂ.ಕಾಂ. ಓದಿದ್ದ ನಾನು ಮರುದಿನ ಅಮ್ಮನಿಗೆ ಬಿಡಿಸಿ ಹೇಳಿದೆ. ಮಾವನ ಮಾತೇ ಸರಿ ಎಂದೆ. ಅವಳು ಕೇಳಿಸಿಕೊಂಡು, "ಆಯ್ತು ಕಣಪ್ಪ. ಹಂಗಾದ್ರೆ ನಿಮ್ಮಪ್ಪ ಯಾಕೆ ನಂಗೆ ಹೇಳ್ಲಿಲ್ಲ?" ಎಂದಳು. ತೀರಿಹೋದವನ ಮೇಲೆ ಮುನಿಯಲಾರದೆ ತಮ್ಮನ ಮೇಲೆ ಮುನಿದಳೆಂದು ಈಗ ಅನ್ನಿಸುತ್ತದೆ. ಆಗ ನನಗೆ ಏನನ್ನಿಸಿತ್ತೋ ನೆನಪಿಲ್ಲ.

ಪಾಲು ಮಾರುವ ಮಾತು ಬಿಟ್ಟು, ಮಗ್ಗಗಳನ್ನು ಮಾರಿ ಮದುವೆ ಮಾಡಿದೆವು. ಹುಡುಗಿಯನ್ನು ಮಂಟಪಕ್ಕೆ ಕರೆತರಬೇಕಾದ ಸೋದರಮಾವನಿಗೆ ಅಮ್ಮ ಹೇಳಿಕಳಿಸಲೇ ಇಲ್ಲ. ತಂಗಿಯನ್ನು ದೂರದ ನೆಂಟರೊಬ್ಬರು ಕರೆತಂದರು. ಅವಳು ಅಳುತ್ತಿದ್ದುದು ತವರು ಬಿಡುವ ದುಃಖಕ್ಕೆಂದು ಎಲ್ಲರೂ ತಿಳಿದರು.

ಕೆಲವು ವರ್ಷಗಳ ಮೇಲೆ ಮಾವ ತೀರಿಹೋದ ಸುದ್ದಿ ಬಂತು. ಕಲ್ಯಾಣದುರ್ಗದ ಬಸ್ಸಿನಲ್ಲಿ ಅಮ್ಮ ಕೇಳಿದ್ದು ಒಂದೇ ಮಾತು: "ಅವ್ನು ಸುಳ್ಳು ಹೇಳಿರ್ಲಿಲ್ಲ, ಅಲ್ವಾ?"

"ಇಲ್ಲಮ್ಮ."

ಅಂಗಳದಲ್ಲಿ ಮಾವನನ್ನು ಮಲಗಿಸಿದ್ದರು. ಅಮ್ಮ ಅವರ ಪಾದ ಹಿಡಿದು ಕೂತಳು. ಹೊರಡುವವರೆಗೂ ಆ ಮಹಡಿಯ ಕಡೆ ತಲೆಯೆತ್ತಲಿಲ್ಲ.