ದೊಡ್ಡಮ್ಮ ಗಾಳಿ ನೋಡುತ್ತಿದ್ದ ಬಂಡೆ

ಕೋವಿಯ ನಳಿಗೆಗೆ ಹಚ್ಚುವ ಎಣ್ಣೆಗೆ ಒಂದು ವಾಸನೆಯಿದೆ. ಮೊದಲು ಸೀಮೆಎಣ್ಣೆಯಂತೆ ಮೂಗಿಗೆ ಅಡರುತ್ತದೆ, ಆಮೇಲೆ ಹಳೆಯ ಕಬ್ಬಿಣದ ತಂಪಾಗಿ ಗಂಟಲಲ್ಲಿ ಉಳಿದುಬಿಡುತ್ತದೆ. ಕಳೆದ ಭಾನುವಾರ ಮೂಟೆಯಿಂದ ಅಕ್ಕಿ ತರೋಣವೆಂದು ಈ ಪರದೇಶದಲ್ಲಿ, ಕೇಟಿ ಎಂಬ ಊರಿನ ನಮ್ಮ ಮನೆಯ ಗರಾಜಿಗೆ ಇಳಿದಾಗ ಆ ವಾಸನೆ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿತು. ಕಾವ್ಯಾ, ನಿನ್ನ ಅಪ್ಪ ಮೇಜಿನ ಮೇಲೆ ಹಳೆಯ ಟವಲ್ ಹಾಸಿ ರೈಫಲ್ ಒರೆಸುತ್ತಿದ್ದರು. ಪಕ್ಕದಲ್ಲಿ ನೀನು ಕೂರುತ್ತಿದ್ದ ಸ್ಟೂಲು ಖಾಲಿಯಿತ್ತು. ಅವಳು ಇನ್ನು ಬೇಟೆಗೆ ಬರಲ್ವಂತೆ ಅತ್ತೆ ಎಂದಷ್ಟೇ ಹೇಳಿ ಅವರು ಮತ್ತೆ ತಲೆ ಬಗ್ಗಿಸಿದರು. ನಾನು ಅಕ್ಕಿ ತೆಗೆದುಕೊಂಡು ಒಳಗೆ ಬಂದೆ. ಮಾತು ಬರಬೇಕಾದಾಗ ನನಗೆ ಬರುವುದಿಲ್ಲ, ಅದು ನಿಮಗೆಲ್ಲ ಗೊತ್ತಿರುವುದೇ. ಅದಕ್ಕೇ ಬರೆಯುತ್ತಿದ್ದೇನೆ. ನಿನಗೂ ನಿನ್ನ ತಮ್ಮನಿಗೂ ನಿಮ್ಮ ಅಮ್ಮ ಓದಿ ಹೇಳಲಿ.

ನಡೆದದ್ದನ್ನು ನೀನೇ ನನ್ನ ಮಂಚದ ಮೇಲೆ ಕುಳಿತು ಹೇಳಿದ್ದೆ. ದಕ್ಷಿಣದ ಕಡೆ ದನ ಮೇಯಿಸುವ ದೊಡ್ಡ ಜಮೀನೊಂದರಲ್ಲಿ, ನೀವು ರಾಂಚ್ ಅನ್ನುವ ಕಡೆ, ಮುಳ್ಳುಗಿಡಗಳ ಆಚೆಯ ಬಯಲಿನಲ್ಲಿ ಒಂದು ದೊಡ್ಡ ನೀಲಗಾಯಿ ನಿಂತಿತ್ತು. ನಮ್ಮ ದೇಶದಿಂದಲೇ ತಂದು ಇಲ್ಲಿ ಬಿಟ್ಟ ಪ್ರಾಣಿಯಂತೆ ಅದು. ಅಪ್ಪ ಮಲಗಿ ಗುರಿ ಹಿಡಿದಿದ್ದರು, ನೀನು ಪಕ್ಕದಲ್ಲಿ ದುರ್ಬೀನು ಹಿಡಿದು ಗಾಳಿ ನೋಡುತ್ತಿದ್ದೆ. ಗಾಳಿ ಒಂದೇ ಸಮ ಇಲ್ಲವೆಂದು ನಿನಗೆ ಅನಿಸಿತು, ವೇಟ್ ಅಂದೆ. ಅಪ್ಪ ಕಾದರು. ಪ್ರಾಣಿ ಪೊದೆಯೊಳಗೆ ಹೋಯಿತು. ವಾಪಸು ಬರುವ ದಾರಿಯುದ್ದಕ್ಕೂ ಅಪ್ಪನ ಆಫೀಸಿನ ಸ್ನೇಹಿತರು ನಗಾಡಿದರಂತೆ, ಮುಂದಿನ ಸಲ ಹವಾಮಾನ ಇಲಾಖೆಯನ್ನು ಮನೆಯಲ್ಲೇ ಬಿಟ್ಟು ಬಾ ಎಂದರಂತೆ. "ಅಜ್ಜಿ, ಐ ಆಮ್ ಡನ್," ಅಂದೆ ನೀನು. ನಾನು ನಿನ್ನ ತಲೆ ಸವರಿದೆ, ಅಷ್ಟೆ. ಆದರೆ ನನ್ನ ಕಣ್ಣಮುಂದೆ ಆಗ ಬಂದು ಕುಳಿತವಳು ನನ್ನ ದೊಡ್ಡಮ್ಮ.

ನಾನು ಹುಟ್ಟಿ ಬೆಳೆದದ್ದು ಸೋಮವಾರಪೇಟೆಯಿಂದಾಚೆ ಒಂದು ಹಳ್ಳಿಯಲ್ಲಿ. ಅಪ್ಪ, ಅಮ್ಮ, ಅಪ್ಪನ ಅಣ್ಣನಾದ ದೊಡ್ಡಪ್ಪ, ಅವರ ಹೆಂಡತಿ ದೊಡ್ಡಮ್ಮ ಎಲ್ಲರೂ ಒಂದೇ ಮನೆ, ಒಂದೇ ಒಲೆ. ಮನೆಯ ಹಿಂದೆ ಒಂದು ಬೋಳು ಬಂಡೆ. ಅದರ ಮೇಲೆ ಕುಳಿತರೆ ಕೆಳಗೆ ನಮ್ಮ ಗದ್ದೆ, ಗದ್ದೆಯ ನಡುವೆ ತೊರೆ, ತೊರೆಯಾಚೆ ಎದುರುಗುಡ್ಡದ ಹುಲ್ಲು. ಭತ್ತ ಹಾಲುಗಟ್ಟುವ ಹೊತ್ತಿಗೆ ಎದುರುಗುಡ್ಡದಿಂದ ಕಡವೆಗಳು ಇಳಿಯುತ್ತಿದ್ದವು. ಮಿಲಿಟರಿಯಿಂದ ಬಂದ ದೊಡ್ಡಪ್ಪನ ಬಳಿ ಲೈಸೆನ್ಸಿನ ರೈಫಲ್ ಇತ್ತು. ಊರಿನ ಬೇರೆ ಕೋವಿಗಳೆಲ್ಲ ಹತ್ತಿರದಿಂದ ಹೊಡೆಯುವಂಥವು, ಇದು ಮಾತ್ರ ಕಣಿವೆ ದಾಟಿ ಹೊಡೆಯುತ್ತಿತ್ತು. ದೂರದ ಈಡೆಂದರೆ ಕೈಗಿಂತ ಹೆಚ್ಚಾಗಿ ತಾಳ್ಮೆಯ ಕೆಲಸ ಎಂದು ದೊಡ್ಡಪ್ಪ ಹೇಳುತ್ತಿದ್ದರು. ಹೊಟ್ಟೆ ಬಂಡೆಗೆ ಒತ್ತಿ ಮಲಗಬೇಕು, ಉಸಿರು ಅರ್ಧ ಬಿಟ್ಟು ಹಿಡಿಯಬೇಕು, ಕೋವಿಯ ಕುದುರೆಯನ್ನು ಎಳೆಯಬಾರದು, ಬೆರಳಿಗೇ ಗೊತ್ತಾಗದ ಹಾಗೆ ಒತ್ತಬೇಕು. ಗುಂಡು ಹೋಗಹೋಗುತ್ತಾ ಕೆಳಗೆ ಬಾಗುತ್ತದೆ, ಆದ್ದರಿಂದ ಎಷ್ಟು ಮೇಲೆ ಹಿಡಿಯಬೇಕೆಂಬ ಅಂದಾಜು ಬೇಕು. ಮುಂಗಾಲಿನ ಸಂದಿಗೆ ಬಿದ್ದರೆ ಪ್ರಾಣಿ ನಿಂತಲ್ಲೇ ಕುಸಿಯುತ್ತದೆ. ಒಂದು ಗೇಣು ಹಿಂದೆ ಬಿದ್ದರೆ ಅದರ ಸಂಕಟ ನೋಡಲಾಗದು.

ಇಷ್ಟೆಲ್ಲ ದೊಡ್ಡಪ್ಪನಿಗೆ ಗೊತ್ತಿತ್ತು. ಆದರೆ ಗುರಿ ಹಿಡಿದವನಿಗೆ ಗುರಿಯೊಂದೇ ಕಾಣುತ್ತದೆ, ನಡುವಿನ ಕಣಿವೆ ಕಾಣುವುದಿಲ್ಲ. ಕಣಿವೆಯನ್ನು ನೋಡುತ್ತಿದ್ದವಳು ದೊಡ್ಡಮ್ಮ. ಎಲೆಯಡಿಕೆ ಹಾಕಿಕೊಂಡು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅವರ ಎಡಕ್ಕೆ ಕುಕ್ಕರಗಾಲಿನಲ್ಲಿ ಕೂರುತ್ತಿದ್ದಳು. ನಮ್ಮ ಬಂಡೆಯ ಮೇಲೆ ಒಂದು ಗಾಳಿಯಿದ್ದರೆ ತೊರೆಯ ಸಂದಿನಲ್ಲಿ ಇನ್ನೊಂದು, ಎದುರುಗುಡ್ಡದಲ್ಲಿ ಮತ್ತೊಂದು. ದಡದ ಹುಲ್ಲಿನ ತುದಿ ಯಾವ ಕಡೆ ವಾಲಿದೆ, ಬಿಸಿಲ ಝಳ ನೆಟ್ಟಗೆ ಏಳುತ್ತಿದೆಯೋ ಹರಿಯುತ್ತಿದೆಯೋ ಎಂದು ಅವಳು ನೋಡುತ್ತಿದ್ದಳು. ಹೊಡಿ ಎಂದು ಅವಳು ಎಂದೂ ಹೇಳಿದವಳಲ್ಲ. ಬೇಡವಾದರೆ ಮಾತ್ರ "ತಡೀರಿ" ಎನ್ನುತ್ತಿದ್ದಳು. ಅವಳು ಸುಮ್ಮನಿದ್ದಾಳೆಂದರೆ ಅದೇ ಒಪ್ಪಿಗೆ. ಹಾಗೆ ನಡೆದುಕೊಂಡು ಬಂದಿತ್ತು. ಮನೆಯಲ್ಲಿ ಉಪ್ಪಿನಿಂದ ಹಿಡಿದು ಸೊಸೈಟಿಯ ಗೊಬ್ಬರದವರೆಗೆ ಎಲ್ಲಕ್ಕೂ ಜಗಳವಾಡುತ್ತಿದ್ದ ಗಂಡಹೆಂಡಿರು ಆ ಬಂಡೆಯ ಮೇಲೆ ಒಂದೇ ಜೀವದ ಹಾಗೆ ಇರುತ್ತಿದ್ದರು. ಹಿಂದೆ ಕುಳಿತು ನೋಡುತ್ತಿದ್ದ ನನಗೆ ಮದುವೆಯೆಂದರೆ ಇದೇ ಇರಬೇಕು ಅನ್ನಿಸುತ್ತಿತ್ತು.

ಒಂದು ವರ್ಷ ದೊಡ್ಡಮ್ಮನ ತಮ್ಮ ಮೈಸೂರಿನಿಂದ ತನ್ನ ಇಬ್ಬರು ಸ್ನೇಹಿತರನ್ನು ಕರೆದುಕೊಂಡು ಬಂದಿದ್ದ. ಬಾಯಿ ಜೋರಿನ, ನಗಿಸುವ ಮನುಷ್ಯ. ಬಿಸಿಲಿಳಿಯುವ ಹೊತ್ತಿಗೆ ಎದುರುಗುಡ್ಡದಲ್ಲಿ ಒಂದು ಕಡವೆ ಕಾಣಿಸಿತು. ಅಷ್ಟು ದೊಡ್ಡ ಕೊಂಬು ನಾನು ನೋಡಿರಲಿಲ್ಲ. ಎಲ್ಲರೂ ಬಂಡೆ ಹತ್ತಿದೆವು. ದೊಡ್ಡಪ್ಪ ಮಲಗಿದರು, ದೊಡ್ಡಮ್ಮ ತನ್ನ ಜಾಗದಲ್ಲಿ ಕುಳಿತಳು. ತಮ್ಮನಿಗೆ ತಡೆಯಲಾಗಲಿಲ್ಲ.

"ಏನ್ ಭಾವ, ಮಿಲಿಟ್ರಿಗೂ ಅಕ್ಕನ್ನ ಕರ್ಕೊಂಡೋಗಿದ್ರಾ?"

ಸ್ನೇಹಿತರು ನಕ್ಕರು. ದೊಡ್ಡಮ್ಮನೂ ಸೆರಗಿನಲ್ಲಿ ನಕ್ಕಳು. ದೊಡ್ಡಪ್ಪನ ಕಿವಿ ಕೆಂಪಾದದ್ದು ನನಗೆ ಹಿಂದಿನಿಂದ ಕಂಡಿತು. ನಮ್ಮ ಕಡೆ ಒಂದು ಎಲೆಯೂ ಅಲುಗುತ್ತಿರಲಿಲ್ಲ, ಎದುರುಗುಡ್ಡವೂ ನಿಶ್ಚಲ. ತೊರೆಯ ಹತ್ತಿರ ಮಾತ್ರ ಹುಲ್ಲು ಮೆಲ್ಲಗೆ ಬಾಗುತ್ತಿತ್ತು. ದೊಡ್ಡಮ್ಮ "ತಡೀರಿ" ಎಂದಳು. ಆ ಮಾತು ಮುಗಿಯುವ ಮೊದಲೇ ಈಡು ಹಾರಿತು.

ಕಡವೆ ಬೆನ್ನು ಬಾಗಿಸಿಕೊಂಡು ಕಾಡೊಳಗೆ ನುಗ್ಗಿತು. ಹಾಗೆ ಬೆನ್ನು ಬಾಗಿಸಿತೆಂದರೆ ಗುಂಡು ಹೊಟ್ಟೆಗೆ ಬಿದ್ದಿದೆ ಎಂದರ್ಥ. ನೆತ್ತರು ಬೀಳಿಸಿದ ಮೇಲೆ ಹಿಂದೆ ಹೋಗಲೇಬೇಕು, ಅದು ನಮ್ಮ ಮನೆಯಲ್ಲಿ ಅನ್ನ ನೀರಿಗಿಂತ ಮುಂಚಿನ ಕಟ್ಟಳೆ. ದೊಡ್ಡಪ್ಪ ಒಬ್ಬರೇ ಹೋದರು. ಅವರು ಬರುವವರೆಗೆ ದೊಡ್ಡಮ್ಮ ಒಂದು ತುತ್ತೂ ಮುಟ್ಟಲಿಲ್ಲ. ಮರುದಿನ ಹೊತ್ತು ಏರಿದ ಮೇಲೆ ದೂರದಲ್ಲಿ ಒಂದೇ ಒಂದು ಈಡಿನ ಸದ್ದು ಕೇಳಿತು. ದೊಡ್ಡಮ್ಮ ಆಗ ಕಣ್ಣು ಮುಚ್ಚಿದಳು, ಅಮ್ಮ ಒಲೆ ಹಚ್ಚಿದಳು. ಸಂಜೆ ದೊಡ್ಡಪ್ಪ ಅಂಗಳಕ್ಕೆ ಬಂದಾಗ ಕೈಯಲ್ಲಿ ರೈಫಲ್ ಬಿಟ್ಟರೆ ಏನೂ ಇರಲಿಲ್ಲ. ಕೊಂಬೆಲ್ಲಿ ಎಂದು ಕೇಳಿದ ಬಾಮೈದನ ಕಡೆ ತಿರುಗಿಯೂ ನೋಡದೆ ಅಡಿಗೆಮನೆಯ ಹೊಸ್ತಿಲಿಗೆ ಹೋಗಿ ನಿಂತರು.

"ನೀನು ತಡಿ ಅಂದಿದ್ದೆ."

ದೊಡ್ಡಮ್ಮ ತಲೆಯೆತ್ತಲಿಲ್ಲ. "ಕೈ ತೊಳ್ಕೊಳಿ, ಬಡಿಸ್ತೀನಿ."

ಅಲ್ಲಿಗೆ ಮುಗಿಯಿತೆಂದು ನಾವೆಲ್ಲ ತಿಳಿದಿದ್ದೆವು. ಮುಂದಿನ ಸಲ ಕಡವೆ ಇಳಿದಾಗ ದೊಡ್ಡಪ್ಪ ರೈಫಲ್ ಹಿಡಿದು ಹಿತ್ತಿಲ ಬಾಗಿಲಲ್ಲಿ ನಿಂತು ಅವಳನ್ನೇ ನೋಡಿದರು. ದೊಡ್ಡಮ್ಮ ಮೊರದಲ್ಲಿ ಕಲ್ಲು ಆರಿಸುತ್ತಾ ನೀವು ಹೋಗಿಬನ್ನಿ ಎಂದಳು. ಸಿಟ್ಟಿನಿಂದ ಹೇಳಿದ್ದಲ್ಲ. ಸಿಟ್ಟಾಗಿದ್ದರೆ ಒಂದು ದಿನ ಇಳಿಯುತ್ತಿತ್ತು. ಕೇಳದ ಕಿವಿಗೆ ಯಾಕೆ ಹೇಳಲಿ ಎಂದು ಅವಳೊಳಗೆ ಏನೋ ಮುದುಡಿಕೊಂಡುಬಿಟ್ಟಿತ್ತು. ದೊಡ್ಡಪ್ಪ ಒಬ್ಬರೇ ಬಂಡೆ ಹತ್ತಿ, ಮಲಗಿ, ಬಹಳ ಹೊತ್ತು ಗುರಿ ಹಿಡಿದು, ಹೊಡೆಯದೆ ಇಳಿದು ಬಂದರು. ಆಮೇಲೂ ಹಾಗೆಯೇ. ಗದ್ದೆಯ ಅರ್ಧ ಭತ್ತ ಕಡವೆಗಳ ಪಾಲಾಯಿತು. ಅಪ್ಪ ಗೊಣಗುತ್ತಾ ಗದ್ದೆಯಂಚಿಗೆ ಡಬ್ಬ ಕಟ್ಟಿದರು. ಕಣ್ಣು ಸರಿಯಿದ್ದ, ಕೈ ನಡುಗದ ಮನುಷ್ಯನಿಗೆ ಕಣಿವೆಯಾಚೆ ಮತ್ತೊಂದು ಈಡು ಹೊಡೆಯಲಾಗಲಿಲ್ಲ. ಪಕ್ಕದಲ್ಲಿ ಅವಳ ಮೌನ ಇರಲಿಲ್ಲ, ಅದಕ್ಕೆ.

ಕಾವ್ಯಾ, ಅವರು ನಕ್ಕದ್ದು ನಿನಗೆ ನೆನಪಿದೆ. ನನಗೆ ಬೇರೆಯದು ಕಾಣುತ್ತದೆ. ನೀನು ವೇಟ್ ಅಂದಾಗ ನಿನ್ನ ಅಪ್ಪ, ಸ್ನೇಹಿತರೆಲ್ಲ ಹಿಂದೆ ನಿಂತಿದ್ದರೂ, ಕಾದರು. ದೊಡ್ಡಪ್ಪನಿಂದ ಆಗದ ಕೆಲಸ ಅದು. ನೀನು ಮತ್ತೆ ಹೋಗು ಎಂದು ನಾನು ಹೇಳುತ್ತಿಲ್ಲ, ಬೇಡವೆಂದೂ ಹೇಳುವುದಿಲ್ಲ. ಖಾಲಿ ಸ್ಟೂಲಿನ ಪಕ್ಕ ಕುಳಿತು ಕೋವಿ ಒರೆಸುವವರ ಮುಖ ಹೇಗಿರುತ್ತದೆಂದು ಮಾತ್ರ ನನಗೆ ಗೊತ್ತು.

ಊರಲ್ಲಿ ಕೆಲವು ವರ್ಷ ಕಳೆದ ಮೇಲೆ ಬೇಟೆಯೇ ಕೂಡದೆಂಬ ಕಾನೂನು ಬಂತು. ದೊಡ್ಡಪ್ಪ ರೈಫಲನ್ನು ಠಾಣೆಗೆ ಒಪ್ಪಿಸಿ ಬಂದರು. ಈಗ ಆ ಮನೆಯಿಲ್ಲ, ಗದ್ದೆಯಲ್ಲಿ ಯಾರದೋ ಹೋಂಸ್ಟೇ ಎದ್ದಿದೆ, ಹೇಳಿಕೊಳ್ಳಲು ಅಪ್ಪ ಅಮ್ಮ ದೊಡ್ಡಪ್ಪ ದೊಡ್ಡಮ್ಮ ಯಾರೂ ಇಲ್ಲ. ರೈಫಲ್ ಹೋದ ಮೇಲಿನ, ನನ್ನ ಮದುವೆ ಗೊತ್ತಾಗಿದ್ದ ವರ್ಷದ ಒಂದು ಸಂಜೆ ಮಾತ್ರ ಹಾಗೇ ಉಳಿದಿದೆ. ದೊಡ್ಡಪ್ಪ ಬರಿಗೈಯಲ್ಲಿ ಹಿತ್ತಿಲು ದಾಟಿ ಬಂಡೆ ಹತ್ತಿದರು. ಸ್ವಲ್ಪ ಹೊತ್ತಿಗೆ ದೊಡ್ಡಮ್ಮ ಸೊಪ್ಪು ಬಿಡಿಸುತ್ತಿದ್ದವಳು ಎದ್ದು ಕೈ ಒರೆಸಿಕೊಂಡು ಹಿಂದೆಯೇ ಹೋದಳು. ಕಾಫಿಗೆ ಕರೆಯಲು ಹೋದ ನಾನು ಅರ್ಧದಲ್ಲೇ ನಿಂತೆ. ಅವಳು ಅವರ ಎಡಕ್ಕೆ ಕುಳಿತಿದ್ದಳು. ಎದುರುಗುಡ್ಡದಿಂದ ಒಂದು ಕಡವೆ, ಅದರ ಮರಿ ಗದ್ದೆಗೆ ಇಳಿಯುತ್ತಿದ್ದವು. ತೊರೆಯ ಹುಲ್ಲು ನೆಟ್ಟಗೆ ನಿಂತಿತ್ತು. ದೊಡ್ಡಪ್ಪ ಅವಳ ಕಡೆ ನೋಡಿದರು. ದೊಡ್ಡಮ್ಮ ಸುಮ್ಮನಿದ್ದಳು.