ಮೇವಿಸ್‌ಳ ಕಣ್ಣು ಬರೆದ ಮಧ್ಯಾಹ್ನ

ಆ ಕುಂಬಾರರ ಊರಿನಲ್ಲಿ ಎಂಪಿಗಳಿಗೆ ಮಾಜಿಯಾದ ಮೇಲೆಯೇ ನಿಜವಾದ ಮರ್ಯಾದೆ. ಸೋತರೂ ಸರಿ, ಸಾಕಾಗಿ ಬಿಟ್ಟರೂ ಸರಿ, ಅವರ ಮುಖವನ್ನೇ ಹೋಲುವ ಮಣ್ಣಿನ ಹೂಜಿಯೊಂದನ್ನು ಮಾಡಿ ಪುರಭವನದ ಕಪಾಟಿನಲ್ಲಿಡುತ್ತಾರೆ. ಮೂಗು, ಗಲ್ಲವನ್ನೆಲ್ಲ ಫೋಟೋ ನೋಡಿ ತಿದ್ದಬಹುದು. ಕಣ್ಣು ಮಾತ್ರ ಆಸಾಮಿಯನ್ನು ಎದುರಿಗೆ ಕೂರಿಸಿಕೊಂಡೇ ಬರೆಯಬೇಕು, ಕಣ್ಣಲ್ಲಿ ಕಣ್ಣಿಟ್ಟು.

ಹಾಗೆ ಬರೆಯುವವಳು ಎನಿಡ್ ಬ್ಲೂರ್. ಹದಿನೈದಕ್ಕೆ ಕುಂಚ ಹಿಡಿದವಳಿಗೆ ಈಗ ಎಪ್ಪತ್ತೆರಡು. ನಾಲ್ಕು ಜನ ಮಾಜಿಗಳು ಅವಳ ಮುಂದೆ ಕೂತು ಹೋಗಿದ್ದರು. ಭಾಷಣದಲ್ಲಿ ಗುಡುಗುತ್ತಿದ್ದ ಒಬ್ಬರು ಐದೇ ನಿಮಿಷಕ್ಕೆ ಗೊರಕೆ ಹೊಡೆದರು. ಇನ್ನೊಬ್ಬರು ಯಾಕೋ ಬಿಕ್ಕಿ ಬಿಕ್ಕಿ ಅತ್ತುಬಿಟ್ಟರು. ಎನಿಡ್ ಯಾರಿಗೂ ಸೊಪ್ಪು ಹಾಕಿದವಳಲ್ಲ.

ಐದನೆಯವಳು ಮೇವಿಸ್ ಕೋಕ್ಲಿ. ಊರಿನ ದೊಡ್ಡ ಪಿಂಗಾಣಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಎನಿಡ್‌ಳ ಪಕ್ಕ ಕೂತು ಬಟ್ಟಲಿಗೆ ಹೂ ಬರೆದವಳು, ಒಂದೇ ಓಟ್ಸ್ ರೊಟ್ಟಿಯನ್ನು ಅವಳೊಡನೆ ಹರಿದು ತಿಂದವಳು. ಆಮೇಲೆ ಎಂಪಿಯಾದಳು. ಕಾರ್ಖಾನೆಗೆ ಬೀಗ ಬಿದ್ದ ದಿನ ಗೇಟಿನ ಬಳಿ ಬಂದು, "ನನಗೂ ಈಗಲೇ ಗೊತ್ತಾಗಿದ್ದು" ಎಂದಳು. ಸುಳ್ಳು! ಅವಳ ಕಣ್ಣು ನೋಡಿದ ಕೂಡಲೇ ಎನಿಡ್‌ಗೆ ತಿಳಿಯಿತು. ಅಂದೇ ಮಾತು ಬಿಟ್ಟಳು. ಹದಿನಾಲ್ಕು ವರ್ಷ! ಮಾರ್ಕೆಟ್ಟಿನಲ್ಲಿ ಎದುರಾದರೆ ರಸ್ತೆ ದಾಟಿಬಿಡುತ್ತಿದ್ದಳು, ಮನೆಗೆ ಬಂದು ಅಳುತ್ತಿದ್ದಳು. ಅಷ್ಟು ಪ್ರೀತಿ ಇತ್ತು, ಏನು ಮಾಡೋದು? ಈಗ ಅದೇ ಕಣ್ಣನ್ನು ನೋಡದೆ ವಿಧಿಯಿಲ್ಲ. ಇವತ್ತೂ ಮುಖ ತಿರುಗಿಸಿಕೊಂಡರೆ ಆ ಗೆಳೆತನ ಮುಗಿದ ಹಾಗೆಯೇ.

ಮಧ್ಯಾಹ್ನ ಕಾಲುವೆ ದಂಡೆಯ ಶೆಡ್ಡಿಗೆ ಮೇವಿಸ್ ಬಂದು ಕೂತಳು. ಕಿಟಕಿಯ ಬಿಸಿಲಲ್ಲಿ ಜೇಡಿಯ ಧೂಳು ತೇಲುತ್ತಿತ್ತು. ನೀರಿನ ಬೆಳಕು ಮಾಡಿನ ಮೇಲೆ ಅಲೆಅಲೆಯಾಗಿ ಆಡುತ್ತಿತ್ತು. ಇದು ಯಾವ ವರ್ಷವೆಂಬುದೇ ಎನಿಡ್‌ಗೆ ಮರೆತಂತಾಯಿತು. ಇನ್ನೇನು ಊಟದ ಗಂಟೆ ಹೊಡೆಯುತ್ತದೆ, ಇಬ್ಬರೂ ಕೈ ತೊಳೆಯಲು ಓಡುತ್ತೇವೆ ಅನ್ನಿಸಿತು.

"ತಲೆ ಎತ್ತು," ಎಂದಳು.

"ಬೈದಾದ್ರೂ ಬಿಡೇ, ಹೀಗೆ ನೋಡಬೇಡ," ಎಂದಳು ಮೇವಿಸ್.

"ಬಾಯಿ ಮುಚ್ಚು. ರೆಪ್ಪೆ ಅಲ್ಲಾಡುತ್ತೆ."

ಎಡಗಣ್ಣು ಮುಗಿಯಿತು. ಬಲಗಣ್ಣಿಗೆ ಬಂದಾಗ ಮೇವಿಸ್ ತಾನಾಗಿಯೇ ಹೇಳಿದಳು: "ಎರಡು ತಿಂಗಳು ಮೊದಲೇ ಗೊತ್ತಿತ್ತು ಕಣೇ. ಹೇಳೋ ಧೈರ್ಯ ಬರಲಿಲ್ಲ."

"ನಂಗೊಬ್ಬಳಿಗಾದ್ರೂ ಹೇಳಬಾರದಿತ್ತೇನೇ, ಹಾಳಾದವಳೇ!"

"ನಿಂಗೆ ಹೇಳೋದೇ ಎಲ್ಲಕ್ಕಿಂತ ಕಷ್ಟ ಆಗಿತ್ತು."

ಎನಿಡ್ ಕುಂಚವನ್ನು ಬಿಳಿ ಬಣ್ಣಕ್ಕೆ ಅದ್ದಿದಳು. ಬಲಗಣ್ಣಿನ ಕಂದು ಬಣ್ಣದ ಮೇಲೆ ಕೊನೆಯ ಬಿಳಿ ಚುಕ್ಕೆ ಇಟ್ಟಳು. ಕೆಲಸ ಮುಗಿಯಿತು. ಅದನ್ನು ಊಹಿಸಿದಂತೆ ಮೇವಿಸ್ ಎದ್ದು ಕೋಟು ತೆಗೆದುಕೊಂಡಳು.

"ಎಲ್ಲಿಗೆ ಓಡ್ತೀಯ? ಕೂತ್ಕೋ," ಎನಿಡ್ ಗದರಿದಳು. "ಇನ್ನೂ ಒಂದು ಕಣ್ಣು ಹಾಗೇ ಇದೆ."

ಮೇವಿಸ್‌ಗೆ ಕಾಣದ ಹಾಗೆ ಹೂಜಿಯನ್ನು ಮಡಿಲಿಗೆ ಎಳೆದುಕೊಂಡು, ಬಣ್ಣವಿಲ್ಲದ ಕುಂಚ ಹಿಡಿದು, ಅವಳನ್ನೇ ನೋಡುತ್ತ ಕೂತಳು.