ಮೇಣದಕ್ಕನ ಕಾಗುಣಿತ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ನಮ್ಮ ಪ್ರಯೋಗಾಲಯದಲ್ಲಿ ಎಲ್ಲರಿಗೂ ಇದು ಗೊತ್ತು. ಮುಖದ ಮೇಲೆ ಹೇಳುವವರು ಮಾತ್ರ ಒಬ್ಬರೇ, ಮೇಣದಕ್ಕ.

ಹೆಸರು ನಾವಿಟ್ಟದ್ದು. ರೋಗಿಯ ಮೈಯಿಂದ ತೆಗೆದ ಗಂಟಿನ ಚೂರನ್ನು ಮೇಣದಲ್ಲಿ ಹುದುಗಿಸಿ, ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಬಿಲ್ಲೆ ಮಾಡಿ ಇಡುತ್ತಾರೆ. ಆ ಬಿಲ್ಲೆಯನ್ನು ಯಂತ್ರಕ್ಕೆ ಸಿಕ್ಕಿಸಿ, ಹಿಡಿಕೆ ತಿರುಗಿಸುತ್ತ ತೆಳ್ಳಗೆ ಹೆರೆಯುವುದು ಅಕ್ಕನ ಕೆಲಸ. ಎಷ್ಟು ತೆಳ್ಳಗೆ ಅಂದರೆ, ಒಂದು ಕೂದಲನ್ನು ಉದ್ದಕ್ಕೆ ಹದಿನೈದು ಸೀಳು ಮಾಡಿದರೆ ಒಂದು ಸೀಳು ಎಷ್ಟೋ ಅಷ್ಟು. ಗಾಜಿನ ಸಾಮಾನು ತೊಳೆಯಲು ಬಂದವರು, ನೋಡಿ ನೋಡಿ ಕಲಿತರು, ಇಪ್ಪತ್ತೆಂಟು ವರ್ಷ ಆಯಿತು. ಹೆರೆದ ಎಸಳು ಹಟ ಮಾಡಿ ಎದ್ದು ಬಾರದಿದ್ದರೆ ಬಿಲ್ಲೆಯ ಹತ್ತಿರ ಬಾಯಿ ತಂದು ‘ಹಾ’ ಎಂದು ಒಂದು ಉಸಿರು ಬಿಡುತ್ತಾರೆ. ಎದ್ದು ಬರುತ್ತದೆ! ಅದನ್ನು ಬೆಚ್ಚನೆಯ ನೀರಿನ ಮೇಲೆ ತೇಲಿಬಿಟ್ಟಾಗ ಸುಕ್ಕೆಲ್ಲ ಬಿಡಿಸಿಕೊಂಡು ಹರಡುವುದನ್ನು ಸಾವಿರ ಸಲ ನೋಡಿದ್ದೇನೆ, ಇಂದಿಗೂ ಬಾಯಿ ಬಿಟ್ಟುಕೊಂಡೇ ನೋಡುತ್ತೇನೆ.

“ಇಲ್ಲಿ ಇಷ್ಟೆಲ್ಲಾ ಮಾಡ್ತೀನಿ, ಮನೇಲಿ ಬ್ರೆಡ್ಡು ನೆಟ್ಟಗೆ ಕತ್ತರಿಸೋಕೆ ಬರಲ್ಲ ಅಂತ ನಮ್ಮ ಯಜಮಾನ್ರು ಆಡ್ಕೊಂಡು ನಗ್ತಾರೆ,” ಎನ್ನುತ್ತಾರೆ ಅಕ್ಕ. ಅವರ ಯಜಮಾನರು ಬಸ್ ಡ್ರೈವರ್, ಬ್ರೆಡ್ಡು ಅವರೇ ಕತ್ತರಿಸುತ್ತಾರಂತೆ.

ನಮ್ಮದು ಒಂದೇ ಕೋಣೆ, ಎರಡು ಮೇಜು. ಒಂದರ ಮೇಲೆ ಸ್ತನದ ಕ್ಯಾನ್ಸರ್ ಗಂಟುಗಳು, ಇನ್ನೊಂದರ ಮೇಲೆ ಮಾತು ಬಾರದ, ನಡಿಗೆ ತಡವಾದ ಮಕ್ಕಳ ರಕ್ತ. “ಎಲ್ಲಿಂದೆಲ್ಲಿಗೆ ಗಂಟು ಹಾಕ್ತೀರಪ್ಪಾ?” ಎಂದು ಅಕ್ಕ ಒಮ್ಮೆ ಕೇಳಿದರು. ನಾನು ಬೋರ್ಡಿನ ಮೇಲೆ ಬರೆದೂ ಬರೆದೂ ವಿವರಿಸಿದೆ. ವಂಶವಾಹಿಯ ಅಕ್ಷರ ಬದಲಾಗದೆ ಅದರ ಮೇಲೆ ಸಣ್ಣ ಗುರುತುಗಳು ಕೂರುತ್ತವೆ, ಯಾವುದು ಮಾತಾಡಬೇಕು, ಯಾವುದು ಸುಮ್ಮನಿರಬೇಕು ಎಂದು ಆ ಗುರುತು ಹೇಳುತ್ತದೆ. ಮಗುವಿನ ಮಿದುಳು ಬೆಳೆಯುವಾಗ ಗುರುತು ತಪ್ಪಿದರೆ ಒಂದು ತೊಂದರೆ, ದೊಡ್ಡವರ ಎದೆಯಲ್ಲಿ ತಪ್ಪಿದರೆ ಇನ್ನೊಂದು.

“ಅಯ್ಯೋ, ಇದು ಕಾಗುಣಿತ ಅಲ್ವಾ!” ಎಂದರು ಅಕ್ಕ. “ಕಕ್ಕೆ ಇಳಿ ಕಾ, ಕಕ್ಕೆ ಗುಡಿಸು ಕಿ, ಕಕ್ಕೆ ಕೊಂಬು ಕು. ಅಕ್ಷರ ಅದೇ, ಗುರುತು ಬೇರೆ. ಸ್ವರ ಕಿತ್ರೆ ಬಾಯೇ ಬಿಡಲ್ಲ.”

ನಾನು ಒಂಬತ್ತು ವರ್ಷ ಓದಿದ್ದು ನಾಲ್ಕು ಮಾತಿನಲ್ಲಿ ಮುಗಿದಿತ್ತು. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಹೋದ ವರ್ಷ ಒಬ್ಬ ದರ್ಜಿ ಹೆಂಗಸು ನಮ್ಮಲ್ಲಿಗೆ ಬಂದರು. ಅವರೂ ಅವರ ತಂಗಿಯೂ ಅಚ್ಚು ಒಂದೇ ಥರದ ಅವಳಿ, ಇವರು ಏಳು ನಿಮಿಷಕ್ಕೆ ದೊಡ್ಡವರು. ತಂಗಿ ಹನ್ನೊಂದು ವರ್ಷದ ಹಿಂದೆ ಸ್ತನ ಕ್ಯಾನ್ಸರಿನಲ್ಲಿ ತೀರಿಕೊಂಡಿದ್ದರು. ಮೈ ಕಾಯುವ ಒಂದು ವಂಶವಾಹಿ ಆ ಗಂಟಿನಲ್ಲಿ ಮೂಕವಾಗಿತ್ತು. ಹುಟ್ಟಿನಿಂದಲೇ ಮೂಕವಾಗಿದ್ದರೆ ಈ ದರ್ಜಿಯಮ್ಮನ ಮೈಯಲ್ಲೂ ಅದೇ ಕಾದು ಕೂತಿದೆ ಎಂದರ್ಥ. ರಕ್ತ ಪರೀಕ್ಷೆಯಲ್ಲಿ ಅಕ್ಷರದ ತಪ್ಪೇನೂ ಕಾಣಲಿಲ್ಲ, ಆದರೆ ಪರೀಕ್ಷೆಗೆ ಸಿಗದ ತಪ್ಪೂ ಇರಬಹುದು. ಹಾಗಾಗಿ ಎರಡೂ ಸ್ತನ ತೆಗೆಸಿಬಿಡಲು ಅವರು ದಿನ ಗೊತ್ತುಮಾಡಿಕೊಂಡಿದ್ದರು. ಉಳಿದಿದ್ದು ಮೂರು ವಾರ.

“ತಂಗಿಯ ಗಂಟಿನಲ್ಲಿ ಬಾಯಿ ಮುಚ್ಚಿಸುವ ಗುರುತು ಸಿಕ್ಕಿದರೆ, ನಿಮ್ಮ ರಕ್ತದಲ್ಲಿ ಸಿಗದಿದ್ದರೆ, ಅದು ಅವರೊಬ್ಬರಿಗೇ ಬಂದದ್ದು,” ಎಂದೆ.

ಆಸ್ಪತ್ರೆಯ ಉಗ್ರಾಣದಿಂದ ತಂಗಿಯ ಬಿಲ್ಲೆ ಬಂತು. ಅದರಲ್ಲಿ ಉಳಿದಿದ್ದು ಸಾಸಿವೆಯಷ್ಟು. ಮೇಣದಕ್ಕ ಊಟಕ್ಕೆ ಹೋಗಿದ್ದರು. ನನಗೆ ಕಾಯುವ ತಾಳ್ಮೆ ಎಲ್ಲಿದೆ? ನಾನೇ ಕೂತೆ. ಯಂತ್ರ ದಪ್ಪ ಹೆರೆಯುವ ಅಂಕಿಯಲ್ಲಿ ನಿಂತಿತ್ತು. ಮೊದಲು ಅದನ್ನು ನೋಡಿಕೊಳ್ಳುವುದು ಕೂತವನ ಕೆಲಸ, ನಾನು ನೋಡಲಿಲ್ಲ. ಹಿಡಿಕೆ ಗರಗರ ತಿರುಗಿಸಿದೆ. ನಿಲ್ಲಿಸಿದಾಗ ಬಿಲ್ಲೆಯಲ್ಲಿ ಬರೀ ಬಿಳಿ ಮೇಣ ಇತ್ತು. ಸೂಕ್ಷ್ಮದರ್ಶಕದಲ್ಲಿ ನೋಡಲು ಗಾಜಿಗೆ ಏರಿಸುವಂಥ ಒಂದೇ ಒಂದು ಎಸಳೂ ಇರಲಿಲ್ಲ, ಎಲ್ಲ ಸುರುಳಿ ಸುರುಳಿ ಚೂರಾಗಿ ಕೆಳಗಿನ ತಟ್ಟೆಗೆ ಬಿದ್ದಿತ್ತು.

ಅಕ್ಕ ಬಾಗಿಲಲ್ಲಿ ಕಂಡದ್ದೇ ತಡ, ಹರಿಹಾಯ್ದೆ. “ಅಂಕಿ ಯಾಕೆ ಹಾಗೇ ಬಿಟ್ಟು ಹೋದ್ರಿ?”

“ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಳಂತೆ. ಏಳ್ರೀ ಡಾಕ್ಟ್ರೇ, ಪಕ್ಕಕ್ಕೆ ಸರೀರಿ.” ತಟ್ಟೆಯನ್ನೇ ನೋಡಿದರು. “ನಿಮಗೆ ಬೇಕಾಗಿರೋದು ಚಿತ್ರಾನಾ, ಅಕ್ಷರಾನಾ?”

“ಅಕ್ಷರ.”

“ಮತ್ತೆ? ಚಿತ್ರಕ್ಕೆ ಇಡೀ ಎಸಳು ಬೇಕು. ಓದೋಕೆ ಪುಡಿ ಸಾಲ್ದಾ? ಹೇಗಿದ್ರೂ ನೀವು ಕರಗಿಸೋರೇ ತಾನೇ?”

ನಾನು ಪೆಚ್ಚಾದೆ. ನಿಜ! ಆದರೂ ಬೆಳಗಿನಿಂದ ಕತ್ತರಿಸಿದ ಬೇರೆಯವರ ಚೂರು ಅದರಲ್ಲಿ ಸೇರಿದ್ದರೆ ಎಂದು ಕೇಳಿದೆ.

“ಇಪ್ಪತ್ತೆಂಟು ವರ್ಷದಲ್ಲಿ ಒಬ್ಬರ ಚೂರು ಇನ್ನೊಬ್ಬರ ಜೊತೆ ಸೇರೋಕೆ ನಾನು ಬಿಟ್ಟಿಲ್ಲ,” ಎಂದರು. “ಊಟಕ್ಕೆ ಏಳೋ ಮುಂಚೆ ತಟ್ಟೆ ಒರೆಸಿ, ಹೊಸ ಕಾಗದ ಹಾಸಿ, ಅಲಗು ಬದಲಾಯಿಸೇ ಹೋಗಿದ್ದು.”

ಒದ್ದೆ ಕುಂಚದ ತುದಿಯಿಂದ ಒಂದೊಂದೇ ಸುರುಳಿ ಎತ್ತಿದರು. ಉಸಿರು ತಾಕಿದರೆ ಹಾರಿಹೋಗುತ್ತದೆಂದು ಉಸಿರು ಬಿಗಿಹಿಡಿದು ಎತ್ತುವುದು, ಮುಖ ತಿರುಗಿಸಿ ಉಸಿರು ಬಿಡುವುದು. ಹನ್ನೆರಡು ಸುರುಳಿ ಸಿಕ್ಕವು. ನಾನೂ ಉಸಿರು ಹಿಡಿದೇ ನಿಂತಿದ್ದೆ. ಆಮೇಲೆ ಕ್ಷಮೆ ಕೇಳಿದೆ. “ಆಯ್ತು, ಕೈ ತೊಳ್ಕೊಂಡು ಊಟ ಮಾಡಿ ಹೋಗಿ,” ಎಂದರು.

ಮೇಣ ಕರಗಿಸಿ, ಒಳಗಿದ್ದದ್ದನ್ನು ಒಂದು ಮದ್ದಿನಲ್ಲಿ ನೆನೆಸಿದೆ. ಆ ಮದ್ದಿನಲ್ಲಿ ಗುರುತಿಲ್ಲದ ಅಕ್ಷರ ಬದಲಾಗುತ್ತದೆ, ಗುರುತಿರುವುದು ಕದಲುವುದಿಲ್ಲ. ಹತ್ತನೆಯ ದಿನ ಪರದೆಯ ಮೇಲೆ ಸಾಲು ಮೂಡಿತು. ಮೈ ಕಾಯುವ ವಂಶವಾಹಿಯ ಬಾಗಿಲಲ್ಲೇ ಒಂದರ ಪಕ್ಕ ಒಂದು ಗುರುತು, ಅಷ್ಟೂ ಹಾಗೇ ಇದ್ದವು. ದರ್ಜಿಯಮ್ಮನ ರಕ್ತದಲ್ಲಿ ಅದೇ ಜಾಗ, ಅದೇ ಅಕ್ಷರ, ಗುರುತು ಒಂದೂ ಇಲ್ಲ. ಆ ತಂಗಿ ಹೋಗಿ ಹನ್ನೊಂದು ವರ್ಷವಾಗಿದೆ, ಅವಳ ಗುರುತು ಕೂತಲ್ಲೇ ಕೂತಿದೆಯಲ್ಲ! ಅಕ್ಕನನ್ನು ಕರೆದು ತೋರಿಸಿದೆ. ಅವರು ಪರದೆಯನ್ನು ಬೆರಳಿಂದ ಮುಟ್ಟಿ, “ಯಪ್ಪಾ, ಇಷ್ಟು ದಿನ ನಾನು ಕತ್ತರಿಸ್ತಾ ಇದ್ದದ್ದು ಇದನ್ನಾ?” ಎಂದರು.

ವೈದ್ಯರು ಶಸ್ತ್ರಚಿಕಿತ್ಸೆ ಬೇಡವೆಂದರು, ವರ್ಷಕ್ಕೊಮ್ಮೆ ತಪಾಸಣೆ ಸಾಕೆಂದರು. ಆ ವಿಷಯ ತಿಳಿದ ಮಧ್ಯಾಹ್ನವೇ ದರ್ಜಿಯಮ್ಮ ನಮ್ಮ ಕೋಣೆಗೆ ಬಂದರು. ನಗುತ್ತ ಬರುತ್ತಾರೆ ಎಂದುಕೊಂಡಿದ್ದೆ. ಅವರು ಸ್ಟೂಲಿನ ಮೇಲೆ ಕೂತು ತಮ್ಮ ಕೈಗಳನ್ನೇ ನೋಡಿಕೊಂಡರು.

“ಹಾಗಾದ್ರೆ ಅದು ಅವಳದ್ದು ಮಾತ್ರಾನಾ?” ಎಂದು ಕೇಳಿದರು.

“ಅವರದ್ದು ಮಾತ್ರ,” ಎಂದರು ಮೇಣದಕ್ಕ.

“ಬಟ್ಟೆ, ಹಾಸಿಗೆ, ಜ್ವರ, ಎಲ್ಲಾ ಹಂಚ್ಕೊಂಡು ಬೆಳೆದ್ವಿ. ಅವಳು ಹೋದಾಗಿಂದ ನಾಳೆ ನಂಗೂ ಬರುತ್ತೆ, ನಾಳೆ ನಂಗೂ ಬರುತ್ತೆ ಅಂತ ಸಾಯ್ತಾ ಇದ್ದೆ. ಹನ್ನೊಂದು ವರ್ಷ ನಂಗೋಸ್ಕರನೇ ಹೆದರಿದ್ದೀನಿ ಕಣ್ರೀ. ಒಂದು ದಿನಾನೂ ಅವಳಿಗೋಸ್ಕರ ನೆಟ್ಟಗೆ ಅಳಲಿಲ್ಲ.”

ಅಕ್ಕ ಎದ್ದು ಬಾಗಿಲು ಮುಚ್ಚಿ ಬಂದು ಅವರ ಬೆನ್ನ ಮೇಲೆ ಕೈಯಿಟ್ಟರು.

“ಈಗ ಅತ್ತುಬಿಡಿ,” ಎಂದರು.